ಕಂಪನಿಗಳು ಆಳುವ ನಾಳೆಯಲ್ಲಿ ಸೂಪರ್‌ಹೀರೋಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಬಗೆಯ ಕಾಮಿಕ್ಸ್ ಎಂದರೆ ನಿಖರವಾಗಿ ಯಾವುವು?

ಓದುಗರಿಗೆ ಮೊದಲೇ ಪರಿಚಯವಿರುವ ಸೂಪರ್‌ಹೀರೋಗಳ ಹೆಸರು, ಲಾಂಛನ ಮತ್ತು ಶಕ್ತಿಗಳನ್ನು ಉಳಿಸಿಕೊಂಡು, ಅವುಗಳನ್ನು ಹೊಸ ಮನುಷ್ಯರಿಗೆ ತೊಡಿಸಿ, ಸರ್ಕಾರಗಳು ಹೆಸರಿಗಷ್ಟೇ ಉಳಿದು ದೊಡ್ಡ ಕಂಪನಿಗಳೇ ಆಳುವ ಭವಿಷ್ಯದಲ್ಲಿ ನಡೆಯುವ ಕಥೆಗಳಿವು. ಇವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರಾದದ್ದು, ಮಾರ್ವೆಲ್ ಸಂಸ್ಥೆ 1992ರಲ್ಲಿ ಆರಂಭಿಸಿದ, 2099ನೆಯ ಇಸವಿಯಲ್ಲಿ ನಡೆಯುವ, 2099 ಎಂಬ ಸರಣಿಗಳ ಗುಂಪು. ಆದ್ದರಿಂದ ಇಲ್ಲಿನ ಹೆಚ್ಚಿನ ಉತ್ತರಗಳು ಅದರ ಸುತ್ತಲೇ ಇವೆ.

ಎತ್ತರದ ಕಟ್ಟಡಗಳು, ಹಾರುವ ಕಾರುಗಳು ಮತ್ತು ಬಣ್ಣಬಣ್ಣದ ದೀಪಗಳು ಇದ್ದಮಾತ್ರಕ್ಕೆ ಒಂದು ಕಾಮಿಕ್ ಈ ವರ್ಗಕ್ಕೆ ಸೇರುವುದಿಲ್ಲ. ನಾಯಕನ ದೇಹ, ಅವನ ಔಷಧಿ, ಅವನಿಗೆ ಸಿಗುವ ನ್ಯಾಯ, ಕೊನೆಗೆ ಅವನ ನಂಬಿಕೆ ಕೂಡ ಯಾರದೋ ಸೊತ್ತಾಗಿರುವ ಲೋಕದಲ್ಲಿ ಅವನು ಏನು ಮಾಡಬಲ್ಲ ಎಂಬ ಪ್ರಶ್ನೆಯನ್ನು ಕಥೆ ಎತ್ತಬೇಕು. ಆ ಪ್ರಶ್ನೆ ಇಲ್ಲದಿದ್ದರೆ ಅದು ಹಳೆಯ ಕಥೆಗೆ ಹೊಸ ಪರದೆ ಕಟ್ಟಿದಂತೆ, ಅಷ್ಟೇ.

2099 ಸರಣಿಗಳು ಹೇಗೆ ಆರಂಭವಾದವು?

1992ರಲ್ಲಿ ಸ್ಪೈಡರ್‌ಮ್ಯಾನ್‌ಗೆ ಮೂವತ್ತು ವರ್ಷ ತುಂಬಿದಾಗ ಹೊರಬಂದ ಅಮೇಜಿಂಗ್ ಸ್ಪೈಡರ್‌ಮ್ಯಾನ್‌ನ 365ನೆಯ ಸಂಚಿಕೆಯಲ್ಲಿ ಹೊಸ ಸ್ಪೈಡರ್‌ಮ್ಯಾನ್‌ನ ಕೆಲವು ಪುಟಗಳನ್ನು ಮುನ್ನೋಟವಾಗಿ ಕೊಡಲಾಗಿತ್ತು. ಅದೇ ವರ್ಷದ ಕೊನೆಯ ವೇಳೆಗೆ ಪೀಟರ್ ಡೇವಿಡ್ ಬರೆದು ರಿಕ್ ಲಿಯೊನಾರ್ಡಿ ಚಿತ್ರಿಸಿದ ಸ್ಪೈಡರ್‌ಮ್ಯಾನ್ 2099 ಹೊರಬಂತು. ಅದರ ಬೆನ್ನಿಗೇ ಸ್ಟ್ಯಾನ್ ಲೀ ಮತ್ತು ಪಾಲ್ ರಯನ್ ಅವರ ರಾವೇಜ್ 2099, ಜಾನ್ ಫ್ರಾನ್ಸಿಸ್ ಮೂರ್ ಮತ್ತು ಪ್ಯಾಟ್ ಬ್ರಾಡರಿಕ್ ಅವರ ಡೂಮ್ 2099 ಹಾಗೂ ಪ್ಯಾಟ್ ಮಿಲ್ಸ್ ಮತ್ತು ಟೋನಿ ಸ್ಕಿನ್ನರ್ ಬರೆದ ಪನಿಷರ್ 2099 ಬಂದವು. ಎಕ್ಸ್‌ಮೆನ್ 2099 ಮರುವರ್ಷ ಬಂತು. ಸಂಪಾದಕರಾಗಿದ್ದವರು ಜೋಯಿ ಕ್ಯಾವಲಿಯೆರಿ.

ಮೊದಲ ಸಂಚಿಕೆಗಳ ಮುಖಪುಟಗಳಿಗೆ ಮಿರುಗುವ ಲೋಹದ ಹಾಳೆಯ ಅಂಚು ಇತ್ತು. ಆ ದಿನಗಳಲ್ಲಿ ಕಾಮಿಕ್ಸ್ ಪ್ರತಿಗಳನ್ನು ಓದುವುದಕ್ಕಿಂತ, ಮುಂದೆ ಬೆಲೆ ಏರುತ್ತದೆಂದು ಕೊಂಡು ಬಚ್ಚಿಡುವವರ ಸಂಖ್ಯೆ ದೊಡ್ಡದಾಗಿತ್ತು. ಆ ಅಂಚನ್ನು ಹಾಕಿದ್ದೇ ಅವರ ಕಣ್ಣು ಕುಕ್ಕಲಿ ಎಂದು. ಕಂಪನಿಗಳ ದುರಾಸೆಯನ್ನು ಬಯಲಿಗೆಳೆಯುವ ಕಥೆಗಳು ಇಂಥ ಹೊದಿಕೆಯಲ್ಲಿ ಬಂದವು ಎಂಬುದನ್ನು ಮರೆಯದೆ ಓದಿದರೆ ಅವುಗಳ ಸ್ವಾರಸ್ಯ ಇನ್ನಷ್ಟು ಹೆಚ್ಚುತ್ತದೆ.

ಮಿಗೆಲ್ ಒಹಾರಾ ಯಾರು? ಅವನು ಪೀಟರ್ ಪಾರ್ಕರ್‌ನ ನಕಲೇ?

ಅಲ್ಲ. ಮೂಲ ಸ್ಪೈಡರ್‌ಮ್ಯಾನ್ ಆದ ಪೀಟರ್ ಪಾರ್ಕರ್ ಜೇಡ ಕಚ್ಚಿದ ಹುಡುಗ. ಅವನ ಕಥೆಯನ್ನು ಆರಂಭಿಸುವುದು ಒಂದು ಆಕಸ್ಮಿಕ ಮತ್ತು ಅದರ ಹಿಂದೆಯೇ ಬರುವ ಪಾಪಪ್ರಜ್ಞೆ. 2099ರ ಸ್ಪೈಡರ್‌ಮ್ಯಾನ್ ಆದ ಮಿಗೆಲ್ ಹಾಗಲ್ಲ. ತಾಯಿಯ ಕಡೆಯಿಂದ ಮೆಕ್ಸಿಕನ್ ಮತ್ತು ಹೆಸರಿನ ಕಡೆಯಿಂದ ಐರಿಶ್ ಆದ ಅವನು, ಅಲ್ಕೆಮ್ಯಾಕ್ಸ್ ಎಂಬ ದೈತ್ಯ ಕಂಪನಿಯಲ್ಲಿ ಒಳ್ಳೆಯ ಸಂಬಳಕ್ಕಿರುವ ತಳಿವಿಜ್ಞಾನಿ. ಮಾತಿನಲ್ಲಿ ಚುರುಕು, ಸ್ವಭಾವದಲ್ಲಿ ತುಸು ಸೊಕ್ಕು. ಅವನ ಮನೆಯನ್ನು ನೋಡಿಕೊಳ್ಳುವುದು ಮರಿಲಿನ್ ಮನ್ರೋಳ ರೂಪದಲ್ಲಿ ಬೆಳಕಿನಿಂದ ಮೂಡುವ ಲೈಲಾ ಎಂಬ ಯಂತ್ರಸಹಾಯಕಿ. ಅಂದರೆ ಅವನು ವ್ಯವಸ್ಥೆಯ ಹೊರಗೆ ನಿಂತು ಅದನ್ನು ಶಪಿಸುವವನಲ್ಲ, ಅದರ ಅನ್ನ ಉಂಡವನು.

ಕಂಪನಿಯ ಒತ್ತಾಯಕ್ಕೆ ನಡೆದ ಪ್ರಯೋಗವೊಂದರಲ್ಲಿ ಮನುಷ್ಯನೊಬ್ಬ ಬಲಿಯಾದಾಗ ಮಿಗೆಲ್ ರಾಜೀನಾಮೆ ಕೊಡಲು ಹೋಗುತ್ತಾನೆ. ಅವನ ಮೇಲಧಿಕಾರಿ ಟೈಲರ್ ಸ್ಟೋನ್ ಬೆದರಿಸುವುದಿಲ್ಲ, ಕೂಗಾಡುವುದಿಲ್ಲ. ಕುಡಿಯಲು ಒಂದು ಲೋಟ ಕೊಡುತ್ತಾನೆ. ಅದರಲ್ಲಿ ಬೆರೆತಿರುವುದು ರ್‍ಯಾಪ್ಚರ್ ಎಂಬ ಮಾದಕದ್ರವ್ಯ. ಒಮ್ಮೆ ಒಳಹೋದರೆ ಅದು ಸೇವಿಸಿದವನ ವಂಶವಾಹಿಗಳಿಗೇ ಅಂಟಿಕೊಳ್ಳುತ್ತದೆ, ಆಮೇಲೆ ಉಸಿರಿನಷ್ಟೇ ಅಗತ್ಯವಾಗುತ್ತದೆ, ಮತ್ತು ಅದನ್ನು ಕಾನೂನುಬದ್ಧವಾಗಿ ಒದಗಿಸುವುದು ಅಲ್ಕೆಮ್ಯಾಕ್ಸ್ ಮಾತ್ರ. ಕೆಲಸ ಬಿಟ್ಟರೆ ಔಷಧಿ ಇಲ್ಲ. ಇಡೀ ಸರಣಿಯಲ್ಲಿ ನನ್ನ ಮಟ್ಟಿಗೆ ಇದಕ್ಕಿಂತ ಭಯಾನಕವಾದ ದೃಶ್ಯವಿಲ್ಲ, ಏಕೆಂದರೆ ಇಲ್ಲಿ ಖಳನ ಕೈಯಲ್ಲಿ ಬಂದೂಕಿಲ್ಲ. ಅವನು ಮಾಡಿದ್ದು ನೌಕರಿಯ ಕರಾರನ್ನು ನೌಕರನ ರಕ್ತದೊಳಗೆ ಬರೆದದ್ದು.

ಆ ಚಟದಿಂದ ಬಿಡಿಸಿಕೊಳ್ಳಲು ಮಿಗೆಲ್ ತನ್ನದೇ ತಳಿನಕ್ಷೆಯ ಹಳೆಯ ದಾಖಲೆಯನ್ನು ಬಳಸಿ ದೇಹವನ್ನು ಮೊದಲಿನ ಸ್ಥಿತಿಗೆ ತರಲು ಯಂತ್ರದೊಳಗೆ ಹೋಗುತ್ತಾನೆ. ಅಸೂಯೆಯಿಂದ ಕುದಿಯುತ್ತಿದ್ದ ಆರನ್ ಡೆಲ್ಗಾಡೋ ಎಂಬವನು ಆ ಯಂತ್ರದಲ್ಲಿ ಕೈಯಾಡಿಸುತ್ತಾನೆ. ಹೊರಬರುವ ಮಿಗೆಲ್ ಅರ್ಧ ಜೇಡ. ಬೆರಳ ತುದಿಗಳಲ್ಲಿ ಒಳಸರಿಯಬಲ್ಲ ಉಗುರುಗಳು, ವಿಷದ ಕೋರೆಹಲ್ಲುಗಳು, ಬೆಳಕನ್ನು ತಾಳದ ಕಣ್ಣುಗಳು. ಬಲೆಯ ಎಳೆ ಹೊಮ್ಮುವುದು ಮುಂಗೈಯಿಂದಲೇ.

ಅವನ ವೇಷವನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಮೆಕ್ಸಿಕೋದ ಮೃತರ ಹಬ್ಬಕ್ಕೆಂದು ಹಿಂದೊಮ್ಮೆ ಕೊಂಡಿದ್ದ, ಎದೆಯ ಮೇಲೆ ತಲೆಬುರುಡೆಯಂಥ ಗುರುತಿರುವ ಗಾಢ ನೀಲಿ ಬಟ್ಟೆ ಅದು. ಮನೆಯಲ್ಲಿದ್ದ ಉಡುಪುಗಳಲ್ಲಿ ಅವನ ಉಗುರಿಗೆ ಹರಿಯದೆ ಉಳಿಯಬಲ್ಲದ್ದು ಅದೊಂದೇ ಆದ್ದರಿಂದ ಅದು ವೇಷವಾಯಿತು. ಬೆನ್ನ ಮೇಲೆ ಹಾರಾಡುವ ಹರಕು ಬಟ್ಟೆ, ಥಾರ್ ದೇವರ ಭಕ್ತನೊಬ್ಬನ ಹಾರುಪಟದಿಂದ ಬಂದದ್ದು. ಲಾಂಛನದ ಹಿಂದೆ ಯಾವ ಮಹಾಸಂಕಲ್ಪವೂ ಇಲ್ಲ. ಕೈಗೆ ಸಿಕ್ಕಿದ್ದರಲ್ಲಿ ಒಬ್ಬ ಮನುಷ್ಯ ತನ್ನನ್ನು ಮುಚ್ಚಿಕೊಂಡಿದ್ದಾನೆ.

ಮುಂದೆ ಟೈಲರ್ ಸ್ಟೋನ್ ತನ್ನ ಹೆತ್ತ ತಂದೆಯೇ ಎಂದು ಮಿಗೆಲ್‌ಗೆ ತಿಳಿಯುತ್ತದೆ. ಬೇರೆ ಕಾಮಿಕ್‌ನಲ್ಲಾಗಿದ್ದರೆ ಇದನ್ನು ಸವಕಲು ತಿರುವು ಎನ್ನಬಹುದಿತ್ತು. ಇಲ್ಲಿ ಮಾತ್ರ ಅದು ಹೊಂದುತ್ತದೆ: ಅವನ ಹುಟ್ಟಿನ ಮೇಲೂ ಕಂಪನಿಯ ಮೊಹರು ಇತ್ತು.

2099ರ ಲೋಕದಲ್ಲಿ ಕಂಪನಿಗಳು ಆಳುವುದು ಹೇಗೆ? ಸರ್ಕಾರ ಇಲ್ಲವೇ?

ಅಲ್ಕೆಮ್ಯಾಕ್ಸ್, ಸ್ಟಾರ್ಕ್-ಫ್ಯೂಜಿಕಾವಾ, ಸಿಂಥಿಯಾದಂಥ ಕೆಲವೇ ದೈತ್ಯ ಕಂಪನಿಗಳು ಎಲ್ಲವನ್ನೂ ಹಂಚಿಕೊಂಡಿವೆ. ಅಲ್ಕೆಮ್ಯಾಕ್ಸ್‌ನ ಪಬ್ಲಿಕ್ ಐ ಎಂಬ ಅಂಗಸಂಸ್ಥೆಯೇ ಪೊಲೀಸ್ ಪಡೆ. ಅದರ ಸೇವೆ ಹಣ ಕಟ್ಟಿದವರಿಗೆ. ಸಮಾಜದಲ್ಲಿ ಒಬ್ಬನ ಸ್ಥಾನವನ್ನು ನಿರ್ಧರಿಸುವುದು ಅವನ ಕೈಯಲ್ಲಿರುವ ಕಾರ್ಡು, ಅದರಲ್ಲೂ ಉಳ್ಳವರ ಕಪ್ಪು ಕಾರ್ಡು. ನ್ಯೂಯಾರ್ಕ್‌ಗೆ ಈಗ ನ್ಯೂವಾ ಯಾರ್ಕ್ ಎಂದು ಹೆಸರು. ಅಲ್ಲಿ ಹಣವಿದ್ದವರು ಮೇಲಿನ ಮಹಡಿಗಳ ಬೆಳಕಿನಲ್ಲಿ ಬದುಕುತ್ತಾರೆ. ಇಲ್ಲದವರು ಡೌನ್‌ಟೌನ್ ಎಂದು ಕರೆಯಲಾಗುವ ಕೆಳಗಿನ ಕತ್ತಲೆಯಲ್ಲಿ, ಹಳೆಯ ನಗರದ ಅವಶೇಷಗಳ ನಡುವೆ ಉಳಿದಿದ್ದಾರೆ.

ಧರ್ಮವನ್ನೂ ಕಂಪನಿ ಬಿಟ್ಟಿಲ್ಲ. ಥಾರ್ ಮರಳಿ ಬರುತ್ತಾನೆಂದು ಕಾಯುವ ಪಂಥವೊಂದು ಆ ಲೋಕದಲ್ಲಿದೆ. 1994ರಲ್ಲಿ ಐದು ಸರಣಿಗಳಲ್ಲಿ ಹಬ್ಬಿ ಬಂದ ‘ಫಾಲ್ ಆಫ್ ದ ಹ್ಯಾಮರ್’ ಕಥೆಯಲ್ಲಿ, ಆಕಾಶದಲ್ಲಿ ತೇಲುವ ನಗರವೊಂದರಿಂದ ಥಾರ್ ಮತ್ತು ಅವನ ಪರಿವಾರ ನಿಜವಾಗಿಯೂ ಇಳಿದು ಬರುತ್ತಾರೆ. ಅವರು ಅಲ್ಕೆಮ್ಯಾಕ್ಸ್ ತಯಾರಿಸಿದ ದೇವರುಗಳು ಎಂದು ನಿಧಾನವಾಗಿ ಗೊತ್ತಾಗುತ್ತದೆ. ಸೂಪರ್‌ಹೀರೋಗಳ ಕಡೆಗೆ ತಿರುಗತೊಡಗಿದ್ದ ಜನರ ಭಕ್ತಿಯನ್ನು ತನ್ನ ಕಡೆಗೆ ಎಳೆದುಕೊಳ್ಳಲು ಕಂಪನಿ ದೇವರನ್ನೇ ಸರಕಾಗಿ ಬಿಡುಗಡೆ ಮಾಡುವ ಈ ಕಲ್ಪನೆ, ಆ ಕಥೆಯ ಹೊಡೆದಾಟದ ಪುಟಗಳಿಗಿಂತ ಎಷ್ಟೋ ಪಾಲು ಮೇಲು.

ಪನಿಷರ್ 2099 ಬರೀ ರಕ್ತಪಾತದ ಕಥೆಯಲ್ಲವೇ?

ರಕ್ತಪಾತವಂತೂ ಧಾರಾಳವಾಗಿದೆ, ಆದರೆ ಅದರ ಮೂಲದಲ್ಲಿರುವ ತರ್ಕ ಗಟ್ಟಿಯಾದದ್ದು. ಜೇಕ್ ಗ್ಯಾಲೋಸ್ ಪಬ್ಲಿಕ್ ಐ ಪಡೆಯ ಅಧಿಕಾರಿ. ಟೈಲರ್ ಸ್ಟೋನ್‌ನ ಮಗ ಕ್ರಾನ್ ಸ್ಟೋನ್ ಅವನ ಕುಟುಂಬವನ್ನು ಕೊಲ್ಲುತ್ತಾನೆ, ಮತ್ತು ಹಣವಿದ್ದವನಿಗೆ ಕೊಲೆಯೂ ದಂಡ ಕಟ್ಟಿ ಮುಗಿಸಬಹುದಾದ ಬಾಕಿಯಾಗಿರುವುದರಿಂದ ಪಾರಾಗುತ್ತಾನೆ. ಅಪರಾಧಿಗಳನ್ನು ತಾನೇ ಶಿಕ್ಷಿಸುತ್ತಿದ್ದ ಹಳೆಯ ಪನಿಷರ್ ಫ್ರ್ಯಾಂಕ್ ಕಾಸಲ್‌ನ ಯುದ್ಧದ ದಿನಚರಿ ಜೇಕ್‌ನ ಕೈಗೆ ಸಿಗುತ್ತದೆ. ಅಲ್ಲಿಂದ ಮುಂದೆ ಅವನು ಹಗಲು ಕಂಪನಿಯ ಪೊಲೀಸ್, ರಾತ್ರಿ ತಾನೇ ನ್ಯಾಯಾಲಯ.

ಬರೆದವರಲ್ಲಿ ಒಬ್ಬರಾದ ಪ್ಯಾಟ್ ಮಿಲ್ಸ್, ಬ್ರಿಟನ್ನಿನ 2000 ಎಡಿ ವಾರಪತ್ರಿಕೆಯ ಮೊದಲ ಸಂಪಾದಕರು. ಅಲ್ಲಿಯ ಕಹಿ ವ್ಯಂಗ್ಯ ಇಲ್ಲಿಯೂ ಇಳಿದಿದೆ. ಜೇಕ್‌ನನ್ನು ಮೆಚ್ಚಬೇಕೆಂದು ಈ ಸರಣಿ ಒತ್ತಾಯಿಸುವುದಿಲ್ಲ. ನ್ಯಾಯವನ್ನು ಮಾರಾಟಕ್ಕಿಟ್ಟ ಊರಿನಲ್ಲಿ ಅದನ್ನು ಕಸಿದುಕೊಳ್ಳುವವನೂ ಎಷ್ಟು ಕೆಡುತ್ತಾನೆ ಎಂದು ತೋರಿಸುತ್ತದೆ.

ಖಳನಾಯಕ ಡಾಕ್ಟರ್ ಡೂಮ್ ಇಲ್ಲಿ ನಾಯಕನಾದದ್ದು ಹೇಗೆ?

ಇದು ಇಡೀ ಯೋಜನೆಯ ಅತ್ಯಂತ ಜಾಣ ನಿರ್ಧಾರ. ಹಳೆಯ ಮಾರ್ವೆಲ್ ಕಥೆಗಳ ಖಳನಾದ ಡೂಮ್, 2099ರ ಲೋಕದಲ್ಲಿ ಕಣ್ಣು ಬಿಟ್ಟಾಗ ಅವನ ರಾಜ್ಯವಾದ ಲಾಟ್ವೇರಿಯಾ ಟೈಗರ್ ವೈಲ್ಡ್ ಎಂಬವನ ಕೈಯಲ್ಲಿರುತ್ತದೆ. ಅದನ್ನು ಗೆಲ್ಲುವುದು ಮೊದಲ ಹಂತ. ಮುಂದೆ ವಾರೆನ್ ಎಲಿಸ್ ಬರವಣಿಗೆಯನ್ನು ವಹಿಸಿಕೊಂಡ ಮೇಲೆ, 1995ರ ‘ಒನ್ ನೇಷನ್ ಅಂಡರ್ ಡೂಮ್’ ಕಥೆಯಲ್ಲಿ ಅವನು ಅಮೆರಿಕಾವನ್ನೇ ವಶಪಡಿಸಿಕೊಂಡು ಅಧ್ಯಕ್ಷನಾಗುತ್ತಾನೆ.

ಕಂಪನಿಗಳನ್ನು ಬಗ್ಗಿಸಲು ಡೂಮ್‌ನಂಥ ಸರ್ವಾಧಿಕಾರಿಯೇ ಬೇಕಾದರೆ ಏನು ಮಾಡುತ್ತೀರಿ ಎಂದು ಕಥೆ ಓದುಗನನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಅವನು ಮಾಡುವ ಕೆಲವು ಕೆಲಸಗಳು ಒಳ್ಳೆಯವೇ. ಅದೇ ಡೂಮ್ ಜೇಕ್ ಗ್ಯಾಲೋಸ್‌ನನ್ನು ದಂಡನೆಯ ಮಂತ್ರಿಯನ್ನಾಗಿ ನೇಮಿಸುತ್ತಾನೆ, ಎದುರು ನಿಂತವರನ್ನು ಅಳಿಸುತ್ತಾನೆ. ಕಂಪನಿಗಳು ತಿರುಗಿಬಿದ್ದಾಗ ಅವು ಹೂಡುವ ಆಯುಧವೂ ಸೊಗಸಾಗಿದೆ: ಜನರ ಮುಂದೆ ನಿಲ್ಲಿಸಲು ಒಬ್ಬ ನಕಲಿ ಕ್ಯಾಪ್ಟನ್ ಅಮೆರಿಕಾ. ಜನರಿಗೆ ಆಯ್ಕೆ ಉಳಿಯುವುದು ನಿಜವಾದ ದಬ್ಬಾಳಿಕೆ ಮತ್ತು ಸುಳ್ಳು ದೇಶಭಕ್ತಿಗಳ ನಡುವೆ. ಮೂವತ್ತು ವರ್ಷಗಳ ನಂತರವೂ ಈ ಸಂಚಿಕೆಗಳು ಹಳತಾಗಿಲ್ಲ.

ಉಳಿದ ಸರಣಿಗಳು ಓದಲು ಯೋಗ್ಯವೇ?

ಎಲ್ಲವೂ ಅಲ್ಲ. ರಾವೇಜ್ 2099ರ ಹಿಂದಿನ ಯೋಚನೆ ಚೆನ್ನಾಗಿತ್ತು: ಪರಿಸರ ಕಾಯಬೇಕಾದ ಇಕೋ-ಸೆಂಟ್ರಲ್ ಸಂಸ್ಥೆಯ ಮುಖ್ಯಸ್ಥನೊಬ್ಬ, ಆ ಸಂಸ್ಥೆ ಅಲ್ಕೆಮ್ಯಾಕ್ಸ್‌ನ ಮುಖವಾಡವೆಂದು ತಿಳಿದು, ಸುಳ್ಳು ಆರೋಪ ಹೊತ್ತು ಓಡಿ, ಕಸದ ರಾಶಿಯಿಂದ ಆಯುಧ ಮಾಡಿಕೊಳ್ಳುತ್ತಾನೆ. ಬರವಣಿಗೆ ಮಾತ್ರ ಅರುವತ್ತರ ದಶಕದ ಧಾಟಿಯಲ್ಲೇ ಉಳಿಯಿತು. ಸ್ಟ್ಯಾನ್ ಲೀ ಮೊದಲ ಕೆಲವು ಸಂಚಿಕೆಗಳ ಬಳಿಕ ಬಿಟ್ಟರು.

1994ರ ಘೋಸ್ಟ್ ರೈಡರ್ 2099 ಬೇರೆ ಮಾತು. ಲೆನ್ ಕಾಮಿನ್ಸ್ಕಿ ಬರೆದು ಕ್ರಿಸ್ ಬಕಾಲೋ ಚಿತ್ರಿಸಲಾರಂಭಿಸಿದ ಈ ಸರಣಿಯಲ್ಲಿ, ಸತ್ತ ಹ್ಯಾಕರ್ ಒಬ್ಬನ ಪ್ರಜ್ಞೆಯನ್ನು ಯಂತ್ರದೇಹಕ್ಕೆ ಇಳಿಸಲಾಗುತ್ತದೆ. ಮೂಲ ಘೋಸ್ಟ್ ರೈಡರ್‌ನ ನರಕದ ಬೆಂಕಿಯ ಜಾಗದಲ್ಲಿ ಕಂಪ್ಯೂಟರ್ ಜಾಲ ಬಂದಿದೆ. ಹಲ್ಕ್ 2099 ಆದ ಜಾನ್ ಐಸನ್‌ಹಾರ್ಟ್ ಮನೋರಂಜನೆ ಕಂಪನಿಯ ಅಧಿಕಾರಿ. ಹಲ್ಕ್‌ನನ್ನು ಆರಾಧಿಸುವ ಪಂಥವೊಂದರ ಕಥೆಯ ಹಕ್ಕು ಕೊಳ್ಳಲು ಹೋಗಿ ತಾನೇ ಹಲ್ಕ್ ಆಗುತ್ತಾನೆ. ಇಂಥ ಕುಚೋದ್ಯ ಇನ್ನಷ್ಟು ಇರಬೇಕಿತ್ತು.

ಇದಕ್ಕೂ ಮೊದಲು ಇಂಥ ಕಾಮಿಕ್ಸ್ ಬಂದಿರಲಿಲ್ಲವೇ?

ಬಂದಿದ್ದವು. ಹೊವರ್ಡ್ ಚೇಕಿನ್ ಅವರ ಅಮೆರಿಕನ್ ಫ್ಲ್ಯಾಗ್ 1983ರಲ್ಲಿ ಆರಂಭವಾಯಿತು. ಅದರಲ್ಲಿ 2031ರ ಹೊತ್ತಿಗೆ ಸರ್ಕಾರ ಮತ್ತು ಕಂಪನಿಗಳು ಬೆಸೆದುಕೊಂಡು ಪ್ಲೆಕ್ಸ್ ಎಂಬ ಒಂದೇ ಶಕ್ತಿಯಾಗಿ, ಮಂಗಳ ಗ್ರಹದಲ್ಲಿ ಕುಳಿತು ಪಾಳುಬಿದ್ದ ಅಮೆರಿಕಾವನ್ನು ನಡೆಸುತ್ತವೆ. ನಾಯಕ ರೂಬೆನ್ ಫ್ಲ್ಯಾಗ್ ಒಬ್ಬ ನಟ. ಅವನ ಪಾತ್ರವನ್ನು ಬೆಳಕಿನ ಪ್ರತಿಕೃತಿಯೊಂದು ವಹಿಸಿಕೊಂಡದ್ದರಿಂದ ಕೆಲಸ ಕಳೆದುಕೊಂಡು ಷಿಕಾಗೋದಲ್ಲಿ ನಿಜವಾದ ರಕ್ಷಕಪಡೆಗೆ ಸೇರುತ್ತಾನೆ. ಇದು ಬರೆದ ವರ್ಷವನ್ನು ಮತ್ತೊಮ್ಮೆ ನೋಡಿಕೊಳ್ಳಿ.

ಮಾರ್ವೆಲ್ ಸಂಸ್ಥೆಯೇ 1984ರಲ್ಲಿ ತಂದ ನಾಲ್ಕು ಸಂಚಿಕೆಗಳ ಮಷೀನ್ ಮ್ಯಾನ್ 2020ರಲ್ಲಿ ನಡೆಯುತ್ತದೆ. ಅದರಲ್ಲಿ ಬೇಯ್ನ್‌ಟ್ರಾನಿಕ್ಸ್ ಎಂಬ ಕಂಪನಿ ಇದೆ, ಮತ್ತು ಅದು ಬಾಡಿಗೆಗೆ ಕರೆಸುವ ಐರನ್‌ ಮ್ಯಾನ್ ಇದ್ದಾನೆ. ಆರ್ನೋ ಸ್ಟಾರ್ಕ್ ಎಂಬ ಈ ಐರನ್‌ ಮ್ಯಾನ್‌ಗೆ ಕವಚವು ದುಡಿಮೆಯ ಸಾಧನ, ಆದರ್ಶದ ಸಂಕೇತವಲ್ಲ.

2000 ಎಡಿ ಪತ್ರಿಕೆಯ ನಾಯಕ ಜಡ್ಜ್ ಡ್ರೆಡ್‌ನ ಹೆಸರನ್ನೂ ಹಲವರು ಇಲ್ಲಿ ಎತ್ತುತ್ತಾರೆ. ಅವನ ಲೋಕದಲ್ಲಿ ದಬ್ಬಾಳಿಕೆ ನಡೆಸುವುದು ಕಂಪನಿಗಳಲ್ಲ, ನ್ಯಾಯಾಧೀಶರ ಪ್ರಭುತ್ವ. ಆದ್ದರಿಂದ ಅದು ಪಕ್ಕದ ಮನೆಯ ನೆಂಟ. ಆದರೂ ಒಂದು ಕಾಕತಾಳೀಯ ಚೆಂದವಿದೆ. 1977ರಲ್ಲಿ ಜಾನ್ ವಾಗ್ನರ್ ಮತ್ತು ಕಾರ್ಲೋಸ್ ಎಸ್ಕ್ವೆರಾ ಅವನನ್ನು ಸೃಷ್ಟಿಸಿದಾಗ ಅವನ ಕಥೆಗಳು ನಡೆಯತೊಡಗಿದ್ದೂ 2099ನೆಯ ಇಸವಿಯಲ್ಲೇ.

ಮಾರ್ವೆಲ್‌ನ ಪ್ರತಿಸ್ಪರ್ಧಿ ಡಿಸಿ ಸಂಸ್ಥೆಯ ನಾಯಕರಿಗೆ ಇಂಥ ಭವಿಷ್ಯ ಬರಲಿಲ್ಲವೇ?

ಹತ್ತಿರದ ಉದಾಹರಣೆ ಬ್ಯಾಟ್‌ಮ್ಯಾನ್ ಬಿಯಾಂಡ್. ಅದು 1999ರಲ್ಲಿ ಮೊದಲು ದೂರದರ್ಶನದ ಆನಿಮೇಷನ್ ಸರಣಿಯಾಗಿ ಬಂದು, ಅದೇ ವರ್ಷ ಕಾಮಿಕ್ ಕೂಡ ಆಯಿತು. ಮುದುಕನಾದ ಬ್ರೂಸ್ ವೇಯ್ನ್‌ನ ಕಂಪನಿ ಡೆರೆಕ್ ಪವರ್ಸ್‌ನ ಹಿಡಿತಕ್ಕೆ ಸಿಕ್ಕಿ ವೇಯ್ನ್-ಪವರ್ಸ್ ಆಗಿದೆ. ಅಲ್ಲಿ ತಯಾರಾಗುತ್ತಿದ್ದ ವಿಷಾನಿಲದ ಗುಟ್ಟು ತಿಳಿದ ನೌಕರನೊಬ್ಬನ ಕೊಲೆಯಾಗುತ್ತದೆ. ಅವನ ಮಗ ಟೆರಿ ಮೆಕ್‌ಗಿನಿಸ್ ಹೊಸ ಬ್ಯಾಟ್‌ಮ್ಯಾನ್. ಬ್ಯಾಟ್‌ಮ್ಯಾನ್‌ನ ಹಣದ ಮೂಲವೇ ಖಳನ ಕೈ ಸೇರಿದರೆ ಹೇಗೆ ಎಂಬ ಪ್ರಶ್ನೆ ಅಲ್ಲಿದೆ. ಆದರೆ ಪವರ್ಸ್ ಬೇಗನೆ ವಿಕಿರಣದಿಂದ ಹೊಳೆಯುವ ಅಸ್ಥಿಪಂಜರವಾಗಿಬಿಡುತ್ತಾನೆ, ಅಲ್ಲಿಗೆ ಕಂಪನಿಯ ಭಯ ರಾಕ್ಷಸನ ಭಯವಾಗಿ ಇಳಿಯುತ್ತದೆ. ಈ ಬಗೆಯ ಕಥೆಗಳು ಸಾಮಾನ್ಯವಾಗಿ ಮುಗ್ಗರಿಸುವುದು ಇಲ್ಲಿಯೇ: ಲೆಕ್ಕಪತ್ರ ಮತ್ತು ಕರಾರುಗಳ ಕ್ರೌರ್ಯವನ್ನು ಚಿತ್ರಿಸುವುದು ಕಷ್ಟ, ಹೊಳೆಯುವ ಅಸ್ಥಿಪಂಜರವನ್ನು ಚಿತ್ರಿಸುವುದು ಸುಲಭ.

2099 ಸರಣಿಗಳು ನಿಂತುಹೋದದ್ದೇಕೆ?

ಕಥೆಗೂ ಪ್ರಕಾಶಕರ ಲೆಕ್ಕಪುಸ್ತಕಕ್ಕೂ ಇಲ್ಲಿ ನೇರ ನಂಟಿದೆ. ಹೂಡಿಕೆದಾರ ರೊನಾಲ್ಡ್ ಪೆರೆಲ್ಮನ್ ಮಾರ್ವೆಲ್ ಸಂಸ್ಥೆಯನ್ನು 1989ರಲ್ಲಿ 8.25 ಕೋಟಿ ಡಾಲರ್‌ಗೆ ಕೊಂಡಿದ್ದರು. 1991ರಲ್ಲಿ ಅದರ ಷೇರುಗಳು ಮಾರುಕಟ್ಟೆಗೆ ಬಂದವು. ಬಚ್ಚಿಡಲು ಕೊಳ್ಳುವವರ ಹುಮ್ಮಸ್ಸು ತೊಂಬತ್ತರ ದಶಕದ ನಡುವೆ ಇಳಿದಾಗ ಮಾರಾಟವೂ ಕುಸಿಯಿತು. 1996ರಲ್ಲಿ ಖರ್ಚು ಕಡಿಮೆ ಮಾಡಲು 2099ರ ಸಂಪಾದಕ ಕ್ಯಾವಲಿಯೆರಿ ಅವರನ್ನು ಕೆಲಸದಿಂದ ತೆಗೆಯಲಾಯಿತು. ಅದನ್ನು ಪ್ರತಿಭಟಿಸಿ ಪೀಟರ್ ಡೇವಿಡ್ ಮತ್ತು ವಾರೆನ್ ಎಲಿಸ್ ಸೇರಿದಂತೆ ಹಲವು ಲೇಖಕರು ಹೊರನಡೆದರು. ಸ್ಪೈಡರ್‌ಮ್ಯಾನ್ 2099 ಅದೇ ವರ್ಷ 46ನೆಯ ಸಂಚಿಕೆಗೆ ನಿಂತಿತು. ಉಳಿದ ಪಾತ್ರಗಳನ್ನೆಲ್ಲ ಒಂದೇ ಪುಸ್ತಕದಲ್ಲಿ ಸೇರಿಸಿದ ಪ್ರಯತ್ನವೂ ಎಂಟು ಸಂಚಿಕೆಗಳಲ್ಲಿ ಮುಗಿಯಿತು. ಡಿಸೆಂಬರ್ 1996ರಲ್ಲಿ ಮಾರ್ವೆಲ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು.

ಇದಕ್ಕಿಂತ ಆಳದ ವ್ಯಂಗ್ಯ ಇನ್ನೊಂದಿದೆ. ಇದೇ 1992ರಲ್ಲಿ ಮಾರ್ವೆಲ್‌ನ ಏಳು ಜನಪ್ರಿಯ ಚಿತ್ರಕಾರರು, ತಾವು ಸೃಷ್ಟಿಸಿದ ಪಾತ್ರಗಳು ತಮ್ಮವೇ ಆಗಿರಬೇಕೆಂದು ಹೊರಬಂದು ಇಮೇಜ್ ಸಂಸ್ಥೆಯನ್ನು ಕಟ್ಟಿದ್ದರು. ಒಳಗೆ ಉಳಿದವರು ಒಡೆತನದ ವಿರುದ್ಧ ಬಂಡೇಳುವ ಮಿಗೆಲ್‌ನನ್ನು ಬರೆದರು, ಮತ್ತು ಆ ಮಿಗೆಲ್‌ನ ಒಡೆತನ ಪೂರ್ತಿಯಾಗಿ ಕಂಪನಿಯದೇ ಆಗಿತ್ತು.

ಆಮೇಲೆ ಮಿಗೆಲ್ ಮರಳಿ ಬಂದನೇ?

ಬಂದ. 2010 ಮತ್ತು 2011ರ ಎರಡು ವೀಡಿಯೋ ಗೇಮ್‌ಗಳಲ್ಲಿ ಕಾಣಿಸಿಕೊಂಡ. 2013ರಲ್ಲಿ ಕಾಮಿಕ್ಸ್‌ನಲ್ಲಿ ನಮ್ಮ ಕಾಲಕ್ಕೇ ಬಂದು ಸಿಕ್ಕಿಕೊಂಡ. ಅಲ್ಕೆಮ್ಯಾಕ್ಸ್ ಆಗಷ್ಟೇ ಸ್ಥಾಪನೆಯಾಗುತ್ತಿತ್ತು, ಆದ್ದರಿಂದ ತನ್ನ ಶತ್ರುವನ್ನು ತೊಟ್ಟಿಲಲ್ಲೇ ಕಾಣುವ ಅವಕಾಶ ಅವನಿಗೆ ಸಿಕ್ಕಿತು. 2014ರಲ್ಲಿ ಪೀಟರ್ ಡೇವಿಡ್ ಅವರೇ ಅವನ ಸರಣಿಯನ್ನು ಮತ್ತೆ ಬರೆದರು. 2018ರ ಸ್ಪೈಡರ್-ವರ್ಸ್ ಆನಿಮೇಷನ್ ಚಿತ್ರದ ಕೊನೆಯಲ್ಲಿ ಮತ್ತು 2023ರ ಅದರ ಮುಂದಿನ ಭಾಗದಲ್ಲಿ ಆಸ್ಕರ್ ಐಸಾಕ್ ಅವನಿಗೆ ದನಿ ಕೊಟ್ಟರು. ಈ ಎರಡನೆಯ ಚಿತ್ರದ ಮಿಗೆಲ್‌ಗೆ ಹಾಸ್ಯಪ್ರಜ್ಞೆಯೇ ಇಲ್ಲ. ಕಾಮಿಕ್ಸ್‌ನ ಬಾಯಿಬಡುಕ ಮಿಗೆಲ್‌ನನ್ನು ಬಲ್ಲವರಿಗೆ ಇದು ಕೊಂಚ ನಿರಾಸೆ ತರುತ್ತದೆ.

ಸೂಪರ್‌ಹೀರೋ ವೇಷವಿಲ್ಲದೆ ಇದೇ ವಸ್ತುವನ್ನು ಚೆನ್ನಾಗಿ ಹೇಳಿದ ಕಾಮಿಕ್ ಇದೆಯೇ?

ಗ್ರೆಗ್ ರುಕಾ ಮತ್ತು ಮೈಕೆಲ್ ಲಾರ್ಕ್ ಅವರ ಲಾಜರಸ್ ಇದೆ, 2013ರಲ್ಲಿ ಆರಂಭವಾಯಿತು. ಜಗತ್ತನ್ನು ಕೆಲವು ಶ್ರೀಮಂತ ಕುಟುಂಬಗಳು ಹಂಚಿಕೊಂಡಿವೆ; ಕುಟುಂಬಕ್ಕೆ ಉಪಯೋಗವಿರುವವರು ಜೀತದವರು, ಉಳಿದವರೆಲ್ಲ ತ್ಯಾಜ್ಯ. ಫಾರೆವರ್ ಕಾರ್ಲೈಲ್ ಸುಲಭಕ್ಕೆ ಸಾಯದಂತೆ ರೂಪಿಸಲಾದ ಯೋಧೆ, ತನ್ನ ಕುಟುಂಬದ ಕತ್ತಿ. ಅವಳೂ ಒಂದು ಲೆಕ್ಕದಲ್ಲಿ ಸೂಪರ್‌ಹೀರೋ. ಅವಳ ಶಕ್ತಿ ಅವಳದಲ್ಲ ಎಂಬುದೇ ಕಥೆ.

ಹೊಸ ಓದುಗರು ಎಲ್ಲಿಂದ ಆರಂಭಿಸಬೇಕು?

ಸ್ಪೈಡರ್‌ಮ್ಯಾನ್ 2099ರ ಮೊದಲ ಹತ್ತು ಸಂಚಿಕೆಗಳಿಂದ. ಹಳೆಯ ಮಾರ್ವೆಲ್ ಕಥೆಗಳ ಪರಿಚಯವೇನೂ ಬೇಕಾಗಿಲ್ಲ. ರಿಕ್ ಲಿಯೊನಾರ್ಡಿ ಅವರ ಚಿತ್ರಗಳಲ್ಲಿ ನಗರ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಅಥವಾ ಮೇಲಿನಿಂದ ಕೆಳಕ್ಕೆ ಕಾಣುತ್ತದೆ. ಯಾರು ಎಷ್ಟನೆಯ ಮಹಡಿಯಲ್ಲಿದ್ದಾರೆ ಎಂಬುದನ್ನು ಗಮನಿಸುತ್ತ ಓದಿ, ಕಥೆಯ ಅರ್ಧ ಅಲ್ಲಿಯೇ ಇದೆ. ಅದು ಹಿಡಿಸಿದರೆ ಎಲಿಸ್ ಬರೆದ ಡೂಮ್ 2099ರ ಸಂಚಿಕೆಗಳಿಗೆ ಹೋಗಿ, ಆಮೇಲೆ ಪನಿಷರ್. ‘ಫಾಲ್ ಆಫ್ ದ ಹ್ಯಾಮರ್’ ಓದುವಾಗ ಐದೂ ಭಾಗಗಳನ್ನು ಕ್ರಮವಾಗಿ ಇಟ್ಟುಕೊಳ್ಳದಿದ್ದರೆ ತಲೆಬುಡ ತಿಳಿಯುವುದಿಲ್ಲ. ರಾವೇಜ್‌ನ ಮೊದಲ ಸಂಚಿಕೆಯೊಂದನ್ನು ಕುತೂಹಲಕ್ಕೆ ನೋಡಿದರೆ ಸಾಕು. ಅಮೆರಿಕನ್ ಫ್ಲ್ಯಾಗ್‌ನ ಪುಟಗಳಲ್ಲಿ ಜಾಹೀರಾತು, ಫಲಕ ಮತ್ತು ಸಂಭಾಷಣೆಗಳು ಒತ್ತೊತ್ತಾಗಿ ತುಂಬಿರುವುದರಿಂದ ಮತ್ತು ಅದು ವಯಸ್ಕರಿಗೆಂದೇ ಬರೆದದ್ದಾದ್ದರಿಂದ, ಅದನ್ನು ಕೊನೆಗೆ, ಬಿಡುವಿದ್ದಾಗ, ನಿಧಾನವಾಗಿ ಓದುವುದು ಒಳ್ಳೆಯದು.